ಮಸ್ಕಿಯ ಬೀಗ, ಸಿಂಧನೂರಿನ ಪೆಟ್ಟಿಗೆ

ಕಾಲುವೆ ಕಚೇರಿಯ ವೈರ್‌ಲೆಸ್ ಆಪರೇಟರ್ ಎಂದರೆ ಭಾರೀ ಹುದ್ದೆ ಎಂದು ನನ್ನ ಮಾವನವರು ಬಹಳ ವರ್ಷ ನಂಬಿದ್ದರು. ಅಳಿಯ ಸಿಂಧನೂರಿನಲ್ಲಿ ಕೂತು ದಿಲ್ಲಿಯ ಜೊತೆ ಮಾತಾಡುತ್ತಾನೆ ಎಂದು ಊರಲ್ಲಿ ಹೇಳಿಕೊಂಡು ತಿರುಗಿದರು. ನಾನು ಮಾತಾಡುತ್ತಿದ್ದುದು ಮಸ್ಕಿ ಕಡೆಯ ಗೇಟು ನೋಡಿಕೊಳ್ಳುತ್ತಿದ್ದ ಖಾಜಾಸಾಬನ ಜೊತೆ. ಮಾತಿನ ವಿಷಯ ಗೇಟು, ನೀರು ಮತ್ತು ಒಂದು ಎಮ್ಮೆ.

ಈಗ ಕಚೇರಿಗೆ ಸೇರುವ ಮಕ್ಕಳು ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ಕೂರುತ್ತಾರೆ. ಸಂದೇಶಕ್ಕೆ ಬೀಗ ಹಾಕುವುದು, ತೆಗೆಯುವುದು, ಎಲ್ಲ ಅದರೊಳಗೇ ಆಗುತ್ತದಂತೆ. ಹೇಗೆ ಆಗುತ್ತದೆ ಎಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು ಎನ್ನುವುದು ಇದರಲ್ಲಿ ಇಲ್ಲ. ಅದು ನನ್ನ ಹೆಂಡತಿಗೂ ನೆನಪಿಲ್ಲ.

ಎಂಬತ್ತರ ದಶಕದ ನಡುವಿನ ಮಾತು. ನಮ್ಮ ಉಪಕಾಲುವೆಗೆ ಹನ್ನೊಂದು ಗೇಟು. ಮೊದಲಿನ ಗೇಟುಗಳ ಕೆಳಗಿನವರಿಗೆ ನೀರೇ ನೀರು. ಹನ್ನೊಂದನೆಯದರ ಕೆಳಗೆ ಯಂಕಮ್ಮನ ಹೊಲ. ಆಕೆ ಭತ್ತದ ಸಸಿ ಮಡಿ ಮಾಡಿಕೊಂಡು, ಕಿತ್ತು ನಾಟಿ ಮಾಡಲು ನೀರು ಕಾಯುತ್ತಿದ್ದಳು. ಸಸಿ ಬಲಿತುಹೋದರೆ ನಾಟಿ ಮಾಡಿದರೂ ಪ್ರಯೋಜನವಿಲ್ಲ. ಆಗಾಗ ಮೇಲಿನ ಒಂದೊಂದು ಗೇಟು ಮುಚ್ಚಿ ಅದರ ಪಾಲಿನ ನೀರನ್ನು ಕೊನೆಗೆ ಹರಿಸುವುದು ನಮ್ಮ ಕೆಲಸ. ಯಾವ ಗೇಟು ಎಂದು ಸಿಂಧನೂರಿನ ಎಂಜಿನಿಯರರು ಹಿಂದಿನ ದಿನ ತೀರ್ಮಾನಿಸುತ್ತಿದ್ದರು, ನಾನು ವೈರ್‌ಲೆಸ್‌ನಲ್ಲಿ ಹೇಳುತ್ತಿದ್ದೆ, ಮರುದಿನ ಬೆಳಿಗ್ಗೆ ಖಾಜಾಸಾಬ ಹೋಗಿ ಇಳಿಸುತ್ತಿದ್ದ.

ತೊಂದರೆ ಪಂಪಣ್ಣನದು. ಸಿಂಧನೂರು ಮಸ್ಕಿ ರಸ್ತೆಯ ಒಂದು ಕ್ರಾಸಿನಲ್ಲಿ ಅವನ ಚಹಾದಂಗಡಿ. ಅವನಿಗೂ ಅವನ ಅಣ್ಣತಮ್ಮಂದಿರಿಗೂ ಮೇಲಿನ ಗೇಟುಗಳ ಕೆಳಗೆಲ್ಲ ಹೊಲ. ಅಂಗಡಿಯ ಪಕ್ಕದಲ್ಲೇ ನಮ್ಮದೊಂದು ಚೌಕಿ, ಅದರಲ್ಲೂ ಒಂದು ವೈರ್‌ಲೆಸ್ ಸೆಟ್ಟು. ಒಬ್ಬರು ಮಾತಾಡಿದರೆ ಎಲ್ಲ ಸೆಟ್ಟುಗಳಲ್ಲೂ ಕೇಳುತ್ತಿತ್ತು. ಜನ ಚಹಾ ಹಿಡಿದುಕೊಂಡು ವಾರ್ತೆ ಕೇಳುವಂತೆ ನನ್ನ ಮಾತು ಕೇಳುತ್ತಿದ್ದರು. ನಾಳೆ ಐದನೇ ಗೇಟು ಎಂದು ನಾನು ಹೇಳಿದರೆ, ಖಾಜಾಸಾಬ ಹೋಗುವಷ್ಟರಲ್ಲಿ ಐದನೇ ಗೇಟಿನ ಬಾಯಲ್ಲಿ ಪಂಪಣ್ಣನ ಎಮ್ಮೆ ನಿಂತಿರುತ್ತಿತ್ತು. ನೀರಲ್ಲಿ ನಿಂತ ಎಮ್ಮೆಯನ್ನು ಕದಲಿಸುವುದು ಸರ್ಕಾರದಿಂದಲೂ ಆಗದ ಕೆಲಸ. ಅದರ ಮೇಲೆ ಗೇಟು ಇಳಿಸಲು ನಿಯಮದಲ್ಲಿ ಅವಕಾಶ ಇರಲಿಲ್ಲ. ಎಂಜಿನಿಯರ್ ದೇಸಾಯಿ ಸಾಹೇಬರು ನಿಯಮದ ಪುಸ್ತಕ ಎರಡು ಸಲ ಓದಿದರು, ಎಮ್ಮೆಯ ಪ್ರಸ್ತಾಪವೇ ಸಿಗಲಿಲ್ಲ.

ಆದರೆ ಪಂಪಣ್ಣನಿಗೆ ಅಂಥ ಹಟಮಾರಿ ಎಮ್ಮೆ ಇದ್ದುದು ಒಂದೇ. ಯಾವ ಗೇಟು ಎಂದು ಮೊದಲೇ ತಿಳಿಯದಿದ್ದರೆ ಅದನ್ನು ಎಲ್ಲಿ ನಿಲ್ಲಿಸಬೇಕೆಂದು ಅವನಿಗೆ ಗೊತ್ತಾಗುವಂತಿರಲಿಲ್ಲ. ಹಾಗಾಗಿ, ಖಾಜಾಸಾಬ ಸಂಬಳಕ್ಕೆ ಕಚೇರಿಗೆ ಬಂದಿದ್ದ ದಿನ, ದೇಸಾಯಿ ಸಾಹೇಬರು ನಮ್ಮಿಬ್ಬರೆದುರು ಒಂದು ಗುಟ್ಟಿನ ಅಂಕಿ ಮಾಡಿದರು.

"ನೋಡ್ರಿ ಶರಣಪ್ಪ, ಗುಟ್ಟಿನ ಅಂಕಿ ಮೂರು. ನಿಮಗೂ ಖಾಜಾಗೂ ಬಿಟ್ಟು ಯಾರಿಗೂ ಗೊತ್ತಾಗಬಾರ್ದು. ಐದನೇ ಗೇಟ್ ಮುಚ್ಚೋದಿದ್ರ ನೀವು ಮೂರು ಕೂಡಿಸಿ ಎಂಟು ಅನ್ರಿ. ಖಾಜಾ ಮೂರು ಕಳೀತಾನ, ಐದು ಬರ್ತದ."

ಹೊಸಬರು ಇದನ್ನು ಗಮನಿಸಬೇಕು. ಗುಟ್ಟು ಮಾಡಲೂ ಮೂರು, ಗುಟ್ಟು ಬಿಡಿಸಲೂ ಅದೇ ಮೂರು. ಎರಡೂ ತುದಿಯಲ್ಲಿ ಒಂದೇ ಕೀಲಿಕೈ. ಇದಕ್ಕೆ ಸಿಮೆಟ್ರಿಕ್ ಎನ್ನುತ್ತಾರೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ. ಆಗ ನಾವು ಇದಕ್ಕೆ ದೇಸಾಯಿ ಲೆಕ್ಕ ಎನ್ನುತ್ತಿದ್ದೆವು.

ಮೊದಲ ದಿನ ನಾನು ಗಂಭೀರವಾಗಿ "ಎಂಟು" ಎಂದೆ. ಖಾಜಾಸಾಬ ಅಷ್ಟೇ ಗಂಭೀರವಾಗಿ ಮೂರು ಕೂಡಿಸಿದ. ಹನ್ನೊಂದು ಬಂತು. ಯಂಕಮ್ಮನ ಗೇಟನ್ನೇ ಮುಚ್ಚಿಬಿಟ್ಟ. ಆಕೆಯ ಪಾಲಿನ ಅಷ್ಟಿಷ್ಟು ನೀರೂ ಹಳ್ಳಕ್ಕೆ ಹೋಯಿತು. ಹಳ್ಳದಲ್ಲಿ ಮೀನು ಬಂದ ಸುದ್ದಿ ಹಬ್ಬಿ ಆರ್.ಎಚ್. ಕ್ಯಾಂಪಿನ ಬಂಗಾಳಿ ನಿರಾಶ್ರಿತರು ಬಲೆ ಹಿಡಿದು ಬಂದರು. ಅವರಲ್ಲೊಬ್ಬ ಹಿರಿಯ ಮರುದಿನ ಕಚೇರಿಗೆ ಬಂದು, ಹೀಗೆ ಮತ್ತೆ ಯಾವಾಗ ತಪ್ಪುತ್ತದೆ ಎಂದು ಬಹಳ ವಿನಯದಿಂದ ವಿಚಾರಿಸಿ ಹೋದ. ಅವನ ಬೆನ್ನಿಗೇ ಯಂಕಮ್ಮ ಬಂದಳು. ಆಕೆ ವಿನಯದ ಗೋಜಿಗೆ ಹೋಗಲಿಲ್ಲ.

"ಏನ್ ತಮ್ಮಾ, ನನ್ನ ಹೊಲಕ್ಕ ನೀರ್ ಬಿಡಾಕ ನನ್ನ ಗೇಟೇ ಮುಚ್ತೀರೇನು? ಇದ್ಯಾವ ಸಾಲ್ಯಾಗ ಕಲ್ತು ಬಂದೀರಿ?"

"ಲೆಕ್ಕ ಸ್ವಲ್ಪ ತಪ್ಪೈತಿ ಯವ್ವಾ."

"ಲೆಕ್ಕ ನಿಮ್ದು ತಪ್ಪೈತಿ, ಸಸಿ ನಂದು ಒಣಗಾಕತ್ತಾವ. ನಾ ಇಲ್ಲೇ ಕುಂದರ್ತೀನಿ. ನೀರ್ ಬಂದ ಮ್ಯಾಲೆ ಏಳ್ತೀನಿ."

ಆಕೆ ಕಚೇರಿಯ ಮೆಟ್ಟಿಲ ಮೇಲೆ ಕೂತಳು. ಆ ಹಂಗಾಮಿಡೀ ವಾರಕ್ಕೆ ಒಂದೆರಡು ಸಲ ಬಂದು ಅಲ್ಲಿ ಕೂತಿರುತ್ತಿದ್ದಳು. ನಾವು ಮಾಡುತ್ತಿದ್ದ ಪ್ರತಿ ಪ್ರಯೋಗವೂ ಆಕೆಯ ಕಣ್ಣೆದುರೇ ನಡೆಯಿತು, ಕೆಟ್ಟಿದ್ದೂ ಆಕೆಯ ಕಣ್ಣೆದುರೇ.

ಖಾಜಾಸಾಬ ಕಳೆಯುವುದನ್ನು ರೂಢಿ ಮಾಡಿಕೊಂಡ ಮೇಲೆ ಒಂದು ಗೇಟು ಎಮ್ಮೆಯಿಲ್ಲದೆ ಮುಚ್ಚಿತು. ನಾವು ಮಿರ್ಚಿ ಮಂಡಾಳು ತರಿಸಿ ತಿಂದೆವು. ತಿಂದದ್ದು ಕರಗುವ ಮೊದಲೇ ಗುಟ್ಟು ಒಡೆದಿತ್ತು. ಪಂಪಣ್ಣ ಮಾಡಿದ್ದು ಇಷ್ಟೇ: ಸೆಟ್ಟಿನಲ್ಲಿ ಒಂಬತ್ತು ಎಂದದ್ದನ್ನು ಕೇಳಿದ, ಮರುದಿನ ಆರನೇ ಗೇಟು ಮುಚ್ಚಿದ್ದನ್ನು ನೋಡಿದ, ಒಂಬತ್ತರಲ್ಲಿ ಆರು ಕಳೆದ. ಮುಂದಿನ ಸಲ ನಾನು ಹತ್ತು ಎಂದಾಗ ಎಮ್ಮೆ ಏಳನೇ ಗೇಟಿನಲ್ಲಿ ಮೆಲುಕು ಹಾಕುತ್ತ ನಿಂತಿತ್ತು.

ದೇಸಾಯಿ ಸಾಹೇಬರು ಧೃತಿಗೆಡಲಿಲ್ಲ. "ಗುಟ್ಟಿನ ಅಂಕಿ ಪ್ರತಿ ಸಲಾನೂ ಬದಲಿ ಮಾಡೂಣು. ಹೊಸಾದು ನಾಲ್ಕು. ಖಾಜಾಗ ಹೇಳಿಬಿಡ್ರಿ," ಎಂದರು.

"ಹೆಂಗ ಹೇಳ್ಲಿ ಸರ್?"

"ಹೆಂಗ ಅಂದ್ರ? ವೈರ್‌ಲೆಸ್ ಇದ್ದದ್ದು ಯಾತಕ್ಕ?"

ನಾನು ಹೇಳಿದೆ. ಆದಷ್ಟು ಮೆಲ್ಲಗೆ ಹೇಳಿದೆ. ಮೆಲ್ಲಗೆ ಹೇಳಿದರೆ ವೈರ್‌ಲೆಸ್ಸೂ ಮೆಲ್ಲಗೆ, ಪಕ್ಕದವರಿಗೆ ಕೇಳದಂತೆ ಹೋಗುತ್ತದೆ ಎಂದು ಆ ಗಳಿಗೆಯಲ್ಲಿ ನನಗೆ ಪೂರ್ತಿ ನಂಬಿಕೆಯಿತ್ತು. ಖಾಜಾಸಾಬ ಉತ್ತರ ಕೊಡುವ ಮೊದಲೇ ಕ್ರಾಸಿನ ಚೌಕಿಯವನ ದನಿ ಬಂತು. "ಸಿಂಧನೂರು, ಇನ್ನೊಮ್ಮೆ ಹೇಳ್ರಿ. ಪಂಪಣ್ಣನವ್ರಿಗೆ ಸರಿಯಾಗಿ ಕೇಳ್ಸಿಲ್ಲಂತ."

ಸಿಮೆಟ್ರಿಕ್ ಗುಟ್ಟಿನ ದೊಡ್ಡ ರೋಗ ಇದೇ. ಲೆಕ್ಕ ಸುಲಭ, ಕ್ಷಣದಲ್ಲಿ ಆಗುತ್ತದೆ. ಆದರೆ ಕೀಲಿಕೈಯನ್ನು ಆಚೆ ತುದಿಗೆ ಮುಟ್ಟಿಸುವುದು ಹೇಗೆ? ಯಾರ ಕಿವಿ ತಪ್ಪಿಸಬೇಕೋ ಅವರೆದುರೇ ಅದನ್ನು ಹೇಳಬೇಕಾಗುತ್ತದೆ. ನಾನು ಬಸ್ಸಿನಲ್ಲಿ ಹೋಗಿ ಖಾಜಾಸಾಬನ ಕಿವಿಯಲ್ಲಿ ಹೇಳಿ ಬರಬಹುದಿತ್ತು. ಆದರೆ ಸೆಟ್ಟು ಬಿಟ್ಟು ಹೋಗಲು ನನಗೆ ಅಪ್ಪಣೆಯಿರಲಿಲ್ಲ.

ಆಮೇಲೆ ಒಂದು ತಗಡಿನ ಪೆಟ್ಟಿಗೆ ಬಂತು. ಹೊಸ ಅಂಕಿಯ ಚೀಟಿ ಅದರಲ್ಲಿ ಹಾಕಿ, ಬೀಗ ಜಡಿದು, ಲಿಂಗಸುಗೂರಿಗೆ ಹೋಗುವ ಬಸ್ಸಿನ ಕಂಡಕ್ಟರನ ಕೈಗೆ ಕೊಡುವುದು. ಮಸ್ಕಿಯಲ್ಲಿ ಖಾಜಾಸಾಬ ಇಳಿಸಿಕೊಳ್ಳುವುದು. ಬೀಗಕ್ಕೆ ಎರಡು ಕೀಲಿಕೈ, ಒಂದು ನನ್ನ ಹತ್ತಿರ, ಒಂದು ಅವನ ಹತ್ತಿರ. ಚಂದವೇ ಆಯಿತು. ಖಾಜಾಸಾಬ ತನ್ನ ಕೀಲಿಕೈಯನ್ನು ಬೀಡಿ ಕಟ್ಟಿನ ಜೊತೆ ಪಂಪಣ್ಣನ ಅಂಗಡಿಯ ಮೇಜಿನ ಮೇಲಿಟ್ಟು ಚಹಾ ಕುಡಿಯುತ್ತಿದ್ದ. ಒಂದು ದಿನ ಪಂಪಣ್ಣ ಅದನ್ನು ಚಪಾತಿಯ ಕಣಕದಲ್ಲಿ ಒತ್ತಿಕೊಂಡು ಅಂಥದೇ ಇನ್ನೊಂದು ಮಾಡಿಸಿದ. ಅಚ್ಚು ತೆಗೆದ ಮೇಲೆ ಆ ಕಣಕದ ಚಪಾತಿಯನ್ನೂ ಖಾಜಾಸಾಬನಿಗೇ ಬಡಿಸಿದ ಎಂದು ನನ್ನ ಗುಮಾನಿ. ಪೆಟ್ಟಿಗೆ ಹೊತ್ತ ಬಸ್ಸು ಕ್ರಾಸಿನಲ್ಲಿ ಚಹಾಕ್ಕೆ ನಿಲ್ಲುತ್ತಿತ್ತು. ಎಮ್ಮೆಗೆ ಮತ್ತೆ ಕೆಲಸ ಸಿಕ್ಕಿತು.

ಮೆಟ್ಟಿಲ ಮೇಲಿಂದ ಯಂಕಮ್ಮ ಹೇಳಿದಳು: "ಆ ಎಮ್ಮಿಗೆ ನಿಮ್ಮ ಇಲಾಖೆದಾಗ ಒಂದು ನೌಕರಿ ಕೊಟ್ಟುಬಿಡ್ರಿ. ನಿಮಗಿಂತ ಹೊತ್ತಿಗೆ ಸರಿಯಾಗಿ ಗೇಟಿಗೆ ಬರ್ತೈತಿ."

ನನಗೆ ಸಿಟ್ಟು ಬಂತು, ಆದರೆ ಆಕೆಯ ಮೇಲೆ ಅಲ್ಲ. ಆಕೆಯ ಸಸಿ ಹಳದಿ ತಿರುಗುತ್ತಿದ್ದವು, ಇನ್ನೂ ಹೀಗೇ ಹೋದರೆ ಆಕೆಯ ವರ್ಷದ ಬೆಳೆ ಹೋದಂತೆ. ನಾವು ಇಲ್ಲಿ ಆಟ ಆಡುತ್ತಿದ್ದೆವು.

ದಾರಿ ತೋರಿಸಿದ್ದು ನನ್ನ ಹೆಂಡತಿ ಗಿರಿಜಾ, ಅದೂ ಜಗಳದಲ್ಲಿ. ಸಂಬಂಧಿಕರ ಮದುವೆಗೆ ಹೊರಟಿದ್ದೆವು. ಆಕೆ ಬಾಗಿಲು ಎಳೆದು ಬೀಗ ಒತ್ತಿದಳು, ಚಟಕ್ಕನೆ ಬಿತ್ತು. ಕೀಲಿಕೈ ಒಳಗೆ ಅಡುಗೆಮನೆಯ ಗೂಡಿನಲ್ಲಿತ್ತು. ನನ್ನ ಅಂಗಿಯೂ ಒಳಗಿತ್ತು, ನಾನು ಬನಿಯನ್ನಿನಲ್ಲಿ ಅಂಗಳದಲ್ಲಿದ್ದೆ.

"ಕೀಲಿಕೈ ಇಲ್ದ ಕೀಲಿ ಹೆಂಗ ಹಾಕಿದಿ?" ಎಂದು ಕೂಗಾಡಿದೆ. ನಮ್ಮ ಕಡೆ ಬೀಗಕ್ಕೆ ಕೀಲಿ ಎನ್ನುವುದು ರೂಢಿ.

"ಹಾಕಾಕ ಕೀಲಿಕೈ ಯಾಕ ಬೇಕ್ರಿ? ಒತ್ತಿದ್ರ ಬೀಳ್ತೈತಿ. ತಗಿಯಾಕ ಬೇಕು," ಎಂದಳು ಆಕೆ, ನನಗಿಂತ ಜೋರಾಗಿ.

ನಾನು ಬನಿಯನ್ನಿನಲ್ಲೇ ಕಚೇರಿಗೆ ಓಡಿದೆ. ದೇಸಾಯಿ ಸಾಹೇಬರು ನನ್ನ ಅವತಾರ ನೋಡಿ ಮನೆಗೆ ಬೆಂಕಿ ಬಿದ್ದಿದೆ ಎಂದುಕೊಂಡರು.

"ಸರ್, ನಾವು ಮಸ್ಕಿಗೆ ಕೀಲಿಕೈ ಕಳಿಸೋದ ಬ್ಯಾಡ. ಖಾಜಾ ಹೊಸಾದೊಂದು ಕೀಲಿ ತಗೊಂಡು, ತೆರೆದು ಹಂಗ ನಮಗ ಕಳಿಸ್ಲಿ, ಬರೇ ಕೀಲಿ. ಕೀಲಿಕೈ ತನ್ನ ಉಡದಾರಕ್ಕ ಕಟ್ಟಿಕೊಂಡಿರ್ಲಿ. ನಾವು ಚೀಟಿ ಹಾಕಿ ಒತ್ತಿಬಿಡೂಣು. ಒತ್ತಿದ ಮ್ಯಾಲೆ ನಾನೂ ತಗಿಯಾಕ ಆಗೂದಿಲ್ಲ, ನೀವೂ ತಗಿಯಾಕ ಆಗೂದಿಲ್ಲ."

ಇದೇ ಅಸಿಮೆಟ್ರಿಕ್. ಹಾಕಲು ಒಂದು, ತೆಗೆಯಲು ಬೇರೊಂದು. ತೆರೆದ ಬೀಗವನ್ನು ಊರೆಲ್ಲ ನೋಡಲಿ, ಬಸ್ಸಿನ ಸೀಟಿನ ಮೇಲೆ ಹೊರಳಾಡಲಿ, ಪಂಪಣ್ಣ ಕೈಯಲ್ಲಿ ಹಿಡಿದು ಪರೀಕ್ಷಿಸಲಿ. ಅದರಿಂದ ಮುಚ್ಚಬಹುದೇ ಹೊರತು ತೆರೆಯಲು ಬರುವುದಿಲ್ಲ. ತೆರೆಯುವ ಕೀಲಿಕೈ ಒಬ್ಬನ ಉಡದಾರ ಬಿಟ್ಟು ಎಲ್ಲಿಗೂ ಪ್ರಯಾಣ ಮಾಡುವುದಿಲ್ಲ. ಹಾಗಂತ ದಿನನಿತ್ಯದ ಮಾತನ್ನೆಲ್ಲ ಪೆಟ್ಟಿಗೆಯಲ್ಲಿ ಕಳಿಸಲು ಆಗದು, ಬಸ್ಸಿನ ಗತಿ ಎಲ್ಲರಿಗೂ ಗೊತ್ತಿದ್ದದ್ದೇ. ಪೆಟ್ಟಿಗೆಯಲ್ಲಿ ಗುಟ್ಟಿನ ಅಂಕಿ ಮಾತ್ರ ಹೋಗಬೇಕು, ಆಮೇಲೆ ಆ ಅಂಕಿ ಕೂಡಿಸಿ ವೈರ್‌ಲೆಸ್‌ನಲ್ಲಿ ಪಟಪಟನೆ ಮಾತಾಡಬೇಕು.

ತೊಂಬತ್ತರ ದಶಕದ ಕೊನೆಗೆ ನಮ್ಮನ್ನು ಕಂಪ್ಯೂಟರ್ ತರಬೇತಿಗೆ ಕೂರಿಸಿದಾಗ ಅಲ್ಲಿಯ ಮೇಡಂ ಇದನ್ನೇ ಹೇಳಿದರು. ಕಂಪ್ಯೂಟರಿನಲ್ಲೂ ಎರಡನ್ನೂ ಹೀಗೇ ಜೋಡಿಸುತ್ತಾರೆ, ನಿಧಾನದ್ದು ಕೀಲಿಕೈ ಸಾಗಿಸಲು, ಬೇಗದ್ದು ಮಾತು ಸಾಗಿಸಲು. ಅಲ್ಲಿ ಬೀಗದ ಬದಲು ಭಾರೀ ಅಂಕಿಗಳು. ಎರಡು ದೊಡ್ಡ ಅಂಕಿ ಗುಣಿಸುವುದು ಸುಲಭ, ಬಂದ ಉತ್ತರ ಕೊಟ್ಟು ಯಾವೆರಡನ್ನು ಗುಣಿಸಿದೆ ಹೇಳು ಎಂದರೆ ಜನ್ಮ ಸಾಲದು. ಒತ್ತುವುದು ಸುಲಭ, ತೆಗೆಯುವುದು ಕಷ್ಟ. ನಾನು ಸಂತೋಷದಿಂದ ಎದ್ದು ನಿಂತು ನನ್ನ ಬನಿಯನ್ನಿನ ಪ್ರಸಂಗ ಹೇಳಲು ಹೋದೆ. ಮೇಡಂ ಅವರು ಊಟದ ವಿರಾಮ ಘೋಷಿಸಿದರು.

ಮಸ್ಕಿಯ ಬೀಗಕ್ಕೆ ಮರಳೋಣ. ಒಂದು ಗೇಟು ಮುಚ್ಚಿತು, ಎಮ್ಮೆ ಬರಲಿಲ್ಲ. ಎರಡನೆಯ ಸಲ ಎಮ್ಮೆ ಸರಿಯಾದ ಜಾಗದಲ್ಲೇ ನಿಂತಿತ್ತು. ನಮಗೆ ತಲೆಬುಡ ತಿಳಿಯಲಿಲ್ಲ. ಖಾಜಾಸಾಬ ತನ್ನ ಉಡದಾರ ಮುಟ್ಟಿ ಆಣೆ ಮಾಡಿದ, ಪೆಟ್ಟಿಗೆ ತನ್ನ ಬೀಗದಲ್ಲೇ ಬಂದಿತ್ತು, ತಾನೇ ತೆಗೆದೆ ಎಂದ. ಮೂರನೆಯ ಸಲ ಪೆಟ್ಟಿಗೆ ಮಸ್ಕಿ ಮುಟ್ಟಿದ ಮೇಲೆ ಸೆಟ್ಟಿನಲ್ಲಿ ಅವನ ದನಿ ಬಂತು.

"ಶರಣಣ್ಣ, ನನ್ನ ಕೀಲಿ ನನ್ನ ಕೀಲಿಕೈ ಮಾತು ಕೇಳವಲ್ದು."

"ಎಣ್ಣಿ ಬಿಟ್ಟು ನೋಡಪಾ."

"ಎಣ್ಣಿ ಬಿಟ್ಟೀನಿ, ಬೈದೂ ನೋಡೀನಿ. ಇದು ನಂದಲ್ಲ ಅನಸ್ತೈತಿ."

ಆಗ ಹೊಳೆಯಿತು. ಮಸ್ಕಿಯಿಂದ ಬರುವ ತೆರೆದ ಬೀಗವನ್ನು ಪಂಪಣ್ಣ ಕ್ರಾಸಿನಲ್ಲಿ ತೆಗೆದಿಟ್ಟುಕೊಂಡು, ಅಂಥದೇ ತನ್ನ ಬೀಗ ಕಳಿಸುತ್ತಿದ್ದ. ನಾನು ಅದನ್ನೇ ಮಸ್ಕಿಯದೆಂದು ಒತ್ತುತ್ತಿದ್ದೆ. ಪೆಟ್ಟಿಗೆ ಮರಳಿ ಹೋಗುವಾಗ ತನ್ನ ಕೀಲಿಕೈಯಿಂದ ತೆಗೆದು, ಚೀಟಿ ಓದಿ, ಖಾಜಾಸಾಬನ ಬೀಗ ಒತ್ತಿ ಕಳಿಸುತ್ತಿದ್ದ. ಆ ದಿನ ಅಂಗಡಿಯಲ್ಲಿ ಗಿರಾಕಿ ಹೆಚ್ಚಿದ್ದರು, ಬೀಗ ಬದಲಿಸುವುದನ್ನು ಮರೆತಿದ್ದ. ಬೀಗ ಗಟ್ಟಿಯಿದ್ದರೆ ಸಾಲದು, ಅದು ಯಾರ ಬೀಗ ಎಂಬುದೂ ಗೊತ್ತಿರಬೇಕು. ಮಕ್ಕಳೇ, ಇದನ್ನು ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಿ.

ಹಾಗಾಗಿ ನಮಗಿಬ್ಬರಿಗೂ ಗೊತ್ತಿರುವ, ನಮ್ಮಿಬ್ಬರ ಕಡೆಯವನೂ ಅಲ್ಲದ ಮೂರನೆಯವನೊಬ್ಬ ಬೇಕಾಯಿತು. ಲಿಂಗಸುಗೂರಿನಲ್ಲಿ ಬೀಗ ರಿಪೇರಿಯ ಮೌನಪ್ಪ ಇದ್ದ. ಅವನ ಹತ್ತಿರ ಹುಣಸೆ ಬೀಜದ ಆಕಾರದ ಒಂದು ಉಕ್ಕಿನ ಅಚ್ಚು, ತಾನೇ ಮಾಡಿಕೊಂಡದ್ದು, ಯಾರ ಕೈಗೂ ಕೊಡುತ್ತಿರಲಿಲ್ಲ. ಖಾಜಾಸಾಬ ತನ್ನ ಬೀಗ ಒಯ್ದು ಅದರ ಮೇಲೆ ಆ ಗುರುತು, ಪಕ್ಕದಲ್ಲಿ ತನ್ನ ಹೆಸರು ಹೊಡೆಸುವುದು. ಗುರುತಿಲ್ಲದ ಬೀಗವನ್ನು ನಾನು ಒತ್ತಬಾರದು. ಕಂಪ್ಯೂಟರಿನಲ್ಲೂ ಹೀಗೆ ಗುರುತು ಹೊಡೆದುಕೊಡುವ ಮೌನಪ್ಪಂದಿರು ಇದ್ದಾರಂತೆ.

ಸೆಟ್ಟಿನಲ್ಲಿ ಕೇಳಿಸಿಕೊಂಡಿದ್ದನೇನೋ, ಖಾಜಾಸಾಬ ಹೋದ ದಿನವೇ ಪಂಪಣ್ಣನೂ ಹೋಗಿದ್ದ. ಎಲ್ಲಿಂದಲೋ ಖಾಕಿ ಅಂಗಿ ತಂದು ಹಾಕಿಕೊಂಡಿದ್ದ.

"ನಾನು ಮಸ್ಕಿ ಗೇಟಿನ ಖಾಜಾಸಾಬ. ಈ ಕೀಲಿಗೆ ನಿಮ್ಮ ಗುರುತು ಹೊಡೀರಿ," ಎಂದನಂತೆ.

ಮೌನಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದ. "ಹೊಡೀತೀನ್ರಿ. ಆದ್ರ ನಿಮ್ಮ ಹಿಂದ ಬಾಕಿನ ಮ್ಯಾಲೆ ಒಬ್ರು ಕುಂತು ಭಜಿ ತಿನ್ನಾಕತ್ತಾರ ನೋಡ್ರಿ, ಅವ್ರೂ ಖಾಜಾಸಾಬಂತ. ನೀವಿಬ್ರೂ ಒಂದೀಟು ಮಾತಾಡ್ಕೊಂಡು ಬರ್ರಿ."

ಖಾಜಾಸಾಬ ಅವನಿಗೂ ಎರಡು ಭಜಿ ಕೊಟ್ಟ. ಇಬ್ಬರೂ ಒಂದೇ ಬಸ್ಸಿನಲ್ಲಿ ಮರಳಿದರು.

ಮುಂದಿನ ಸರದಿಯಲ್ಲಿ ಎಮ್ಮೆ ಮೂರನೇ ಗೇಟಿನಲ್ಲಿ ನಿಂತಿತ್ತು, ನಾವು ಮುಚ್ಚಿದ್ದು ಎಂಟನೆಯದನ್ನು. ನೀರು ಕೊನೆಗೆ ಮುಟ್ಟಿತು. ಯಂಕಮ್ಮನ ಅರ್ಧ ಹೊಲ ತುಂಬಿತು, ಅಷ್ಟರಲ್ಲಿ ನಾಟಿ ಆಯಿತು. ಮೆಟ್ಟಿಲು ಖಾಲಿ ಇದ್ದುದನ್ನು ನೋಡಿ ನನಗೆ ನಿಜವಾಗಿ ಸಂತೋಷವಾಯಿತು. ಸಂಬಳದ ದಿನಕ್ಕೂ ಅಷ್ಟು ಆಗಿರಲಿಲ್ಲ.

ಮಾರನೇ ವಾರ ಆಕೆ ಒಂದು ಬುಟ್ಟಿ ಪುಂಡಿ ಸೊಪ್ಪು ಹಿಡಿದು ಬಂದಳು. ಯಾರಿಗೂ ತಿಳಿಯದಂತೆ ಕೆಲಸ ಮಾಡಿದೆವು ಎಂದು ದೇಸಾಯಿ ಸಾಹೇಬರು ಆಕೆಯೆದುರು ಎದೆಯುಬ್ಬಿಸಿದರು.

"ಯಾವ ಗೇಟಂತ ಗೊತ್ತಿದ್ದಿಲ್ರಿ ಸಾಹೇಬ್ರ," ಎಂದಳು ಆಕೆ. "ಯಾವ ದಿನಾಂತ ಗೊತ್ತಿತ್ತು. ಗೇಟ್ ಮುಚ್ಚಿದ ದಿನ ಖಾಜಾಣ್ಣ ರಾತ್ರಿತನ ಅಲ್ಲೇ ಕಾಯ್ತಾನ. ಅವತ್ತು ಎರಡು ಬುತ್ತಿ ಒಯ್ತಾನ, ಉಳಿದ ದಿನ ಒಂದು. ಅದನ್ನ ನೋಡೇ ನಾ ನಾಟಿ ಮಾಡೋ ಹೆಣ್ಮಕ್ಳಿಗೆ ಹೇಳಿ ಇಟ್ಟಿರ್ತೀನಿ."

ಸಾಹೇಬರ ಎದೆ ಇಳಿಯಿತು. ಇಷ್ಟೆಲ್ಲ ಬೀಗ, ಅಂಕಿ, ಅಚ್ಚು ಮಾಡಿದರೂ ರೊಟ್ಟಿಯ ಗಂಟು ಊರಿಗೆಲ್ಲ ಡಂಗುರ ಸಾರುತ್ತಿತ್ತು. ಆಕೆ ಕಂಡದ್ದು ನಾಳೆ ಪಂಪಣ್ಣನಿಗೂ ಕಾಣುತ್ತದೆ, ಎಮ್ಮೆ ಹೊಡೆದುಕೊಂಡು ಖಾಜಾಸಾಬನ ಬೆನ್ನು ಹತ್ತಿದರೆ ಮುಗಿಯಿತು. ಅವರು ಕೂಡಲೇ ಆದೇಶ ಮಾಡಿದರು: ನಾನು ದಿನವೂ ಸೆಟ್ಟಿನಲ್ಲಿ ಒಂದು ಅಂಕಿ ಹೇಳತಕ್ಕದ್ದು, ಕಳೆದಾಗ ಹನ್ನೊಂದು ದಾಟಿದರೆ ಅದು ಸುಳ್ಳು; ಖಾಜಾಸಾಬ ಇನ್ನು ಮುಂದೆ ಗೇಟು ಮುಚ್ಚಲಿ ಬಿಡಲಿ, ಪ್ರತಿದಿನ ಎರಡು ಬುತ್ತಿ ಒಯ್ಯತಕ್ಕದ್ದು. ಒಯ್ದದ್ದನ್ನು ಮರಳಿ ತರತಕ್ಕದ್ದಲ್ಲ. ಖಾಜಾಸಾಬ ಸರ್ಕಾರಿ ಆದೇಶವನ್ನು ಅಷ್ಟು ನಿಷ್ಠೆಯಿಂದ ಪಾಲಿಸಿದ್ದನ್ನು ನಾನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ. ಕೆಲವೇ ದಿನದಲ್ಲಿ ಅವನ ಉಡದಾರ ಸಡಿಲಿಸಬೇಕಾಯಿತು.

ಆದರೆ ಎಂಟು ದಿನ ಕಳೆಯುವಷ್ಟರಲ್ಲಿ ಯಂಕಮ್ಮ ಮತ್ತೆ ಮೆಟ್ಟಿಲ ಮೇಲಿದ್ದಳು.

"ಏನು ಮಾಡಿಟ್ರಿ ತಮ್ಮಾ? ಆ ಖಾಜಾಣ್ಣ ದಿನಾ ಎರಡು ಬುತ್ತಿ ಹೊರಾಕತ್ಯಾನ. ನೀರು ಯಾವತ್ತು ಬರ್ತೈತಿ ನನಗ ಹೆಂಗ ಗೊತ್ತಾಗ್ಬೇಕು? ಹೆಣ್ಮಕ್ಳು ಬಂದು ಕುಂತು ಎದ್ದು ಹೋದ್ರು. ನೀರು ಬಂದ ದಿನ ಒಬ್ಬಾಕಿ ಸಿಗಲಿಲ್ಲ. ಇನ್ನ ಅರ್ಧ ಹೊಲ ಹಂಗ ಬಿದ್ದೈತಿ."

ಎಮ್ಮೆಯ ಕಣ್ಣು ತಪ್ಪಿಸಲು ಹೋಗಿ ಯಾರಿಗಾಗಿ ಇದನ್ನೆಲ್ಲ ಮಾಡಿದೆವೋ ಆಕೆಯ ಕಣ್ಣನ್ನೇ ಕಟ್ಟಿದ್ದೆವು. ವೈರ್‌ಲೆಸ್‌ನಲ್ಲಿ ಹೇಳುವಂತಿಲ್ಲ, ಯಾರ ಕೈಯಲ್ಲಾದರೂ ಹೇಳಿ ಕಳಿಸಿದರೆ ದಾರಿಯಲ್ಲಿ ಪಂಪಣ್ಣನ ಅಂಗಡಿ ಇದ್ದೇ ಇದೆ.

"ಚೀಟಿ ಕಳಿಸೋಣಾಂದ್ರ ದಾರ್ಯಾಗ ಓದ್ತಾರಲ್ಲ ಯವ್ವಾ," ಎಂದೆ.

"ಚೀಟಿ ನನಗ ಓದಾಕನೂ ಬರಂಗಿಲ್ಲ." ಆಕೆ ಸೆರಗಿನ ಗಂಟು ಬಿಚ್ಚಿ ಒಂದು ಸಣ್ಣ ಡಬ್ಬಿ, ಹಿಡಿ ಕಡಲೆಕಾಳು, ಒಂದು ಹಿತ್ತಾಳೆಯ ಬೀಗ ತೆಗೆದು ನನ್ನ ಮೇಜಿನ ಮೇಲಿಟ್ಟಳು. ಬಾಯಿ ತೆರೆದ ಬೀಗ. "ಇಷ್ಟು ದಿನ ಇಲ್ಲಿ ಕುಂತು ನಿಮ್ಮ ಆಟ ನೋಡಿಲ್ಲೇನು? ಇದು ನಂದು. ಕೀಲಿಕೈ ನನ್ನ ಕೊರಳಾಗೈತಿ. ನೀರು ಎಷ್ಟು ದಿನಕ್ಕ ಬರ್ತೈತಿ, ಅಷ್ಟು ಕಡ್ಲಿಕಾಳು ಡಬ್ಬ್ಯಾಗ ಹಾಕಿ ಒತ್ರಿ. ಯಾರ ಕೈಯಾಗರ ಕಳಿಸ್ರಿ, ಪಂಪಣ್ಣನ ಕೈಯಾಗರ ಕಳಿಸ್ರಿ."

ನಾನು ಬೀಗವನ್ನು ಹೊರಳಿಸಿ ನೋಡಿದೆ. ಹಿಂಬದಿಯಲ್ಲಿ ಹುಣಸೆ ಬೀಜದ ಗುರುತು ಇತ್ತು.

"ಲಿಂಗಸುಗೂರಿಗೆ ಯಾವಾಗ ಹೋಗಿದ್ದಿ?"

"ನಿನ್ನೆ," ಎಂದಳು. "ಮೌನಪ್ಪ ಮಾರಿ ನೋಡಿ ಹೊಡದ."

ದೇಸಾಯಿ ಸಾಹೇಬರು ಒಳಗಿಂದ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದರು. ನನಗೆ ಮೂರು ಬೆರಳು ತೋರಿಸಿ ಒಳಗೆ ಹೋದರು. ಆಕೆಗೆ ಕಾಣಬಾರದೆಂದು ನಾನು ಬೆನ್ನು ತಿರುಗಿಸಿ, ಡಬ್ಬಿಯಲ್ಲಿ ಮೂರು ಕಡಲೆಕಾಳು ಹಾಕಿ, ಆಕೆಯ ಬೀಗವನ್ನು ಚಟಕ್ಕನೆ ಒತ್ತಿ ಆಕೆಯ ಕೈಗೇ ಕೊಟ್ಟೆ. ಆಕೆ ನನ್ನೆದುರೇ ಕೊರಳಿನ ದಾರದಿಂದ ಕೀಲಿಕೈ ತೆಗೆದು, ಡಬ್ಬಿ ತೆರೆದು, ಕಾಳುಗಳನ್ನು ನೋಡಿ, ಮೂರನ್ನೂ ಬಾಯಿಗೆ ಹಾಕಿಕೊಂಡು ಅಗಿಯುತ್ತ ಹೆಣ್ಣುಮಕ್ಕಳನ್ನು ಕರೆಯಲು ಹೋದಳು.